ಜರಡಿಯಲ್ಲಿ ಉಳಿದದ್ದು

ಆಳಸಮುದ್ರದಲ್ಲಿ ಮನುಷ್ಯ ಅತ್ತರೆ ನಕ್ಕ ಹಾಗೆ ಕೇಳುತ್ತದೆ. ಈ ಸಂಗತಿ ಗೊತ್ತಿದ್ದವರು ಪಡುಕೋಡಿಯ ನಿಯಂತ್ರಣ ಕೊಠಡಿಯಲ್ಲಿ ಒಬ್ಬರೂ ಇರಲಿಲ್ಲ. ಗೊತ್ತಿರಬೇಕಾಗಿದ್ದವಳು ವಾರಿಜ. ಅವಳಿಗೂ ಗೊತ್ತಿರಲಿಲ್ಲ.

ಪಡುಕೋಡಿ ಎಂದರೆ ಮಲ್ಪೆಯಿಂದ ಉತ್ತರಕ್ಕೆ, ಹಿಂದೊಮ್ಮೆ ಮೀನು ಒಣಗಿಸುತ್ತಿದ್ದ ಮರಳದಂಡೆ. ಅಲ್ಲಿಂದ ನೂರಾರು ಮೈಲು ಪಡುವಣಕ್ಕೆ, ನಾನೂರು ಮೀಟರ್ ಆಳದಲ್ಲಿ, ಕಡಲ ನೆಲವನ್ನು ಕೊರೆದು ಅನಿಲ ತೆಗೆಯುವ ಬಾವಿಗಳಿದ್ದವು. ಅವುಗಳ ಚಾಕರಿಗೆ ಆರು ಮಂದಿ ಡೈವರ್‌ಗಳು ಉಕ್ಕಿನ ಮನೆಯೊಂದರಲ್ಲಿ ತಿಂಗಳುಗಟ್ಟಲೆ ವಾಸ ಮಾಡುತ್ತಿದ್ದರು. ಅಷ್ಟು ಒತ್ತಡದಲ್ಲಿ ನಮ್ಮ ನಿಮ್ಮ ಗಾಳಿಯನ್ನು ಉಸಿರಾಡಿದರೆ ಕಳ್ಳು ಕುಡಿದವನ ಹಾಗೆ ಬುದ್ಧಿ ಕೆಡುತ್ತದೆ. ಹಾಗಾಗಿ ಅವರಿಗೆ ಹೀಲಿಯಂ ಬೆರೆಸಿದ ಗಾಳಿ. ಹೀಲಿಯಂನಲ್ಲಿ ಬುದ್ಧಿ ಕೆಡುವುದಿಲ್ಲ, ದನಿ ಕೆಡುತ್ತದೆ. ಆ ಹಗುರ ಅನಿಲದಲ್ಲಿ ಆರಡಿ ಎತ್ತರದ ಗಂಡಸು ಮಾತಾಡಿದರೂ ಬಾತುಕೋಳಿ ಕೀರಿದಂತಿರುತ್ತದೆ, ಒಂದಕ್ಷರ ತಿಳಿಯುವುದಿಲ್ಲ.

ಅದಕ್ಕಾಗಿ ಒಂದು ಯಂತ್ರ ಬಂತು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಎಲ್ಲರೂ ಅದನ್ನು ಜರಡಿ ಎಂದರು. ಕೀರಲು ದನಿಯಿಂದ ಅದು ಮಾತನ್ನು ಮಾತ್ರ ಸೋಸಿ ತೆಗೆಯುತ್ತದೆ. ಆಮೇಲೆ ಆ ಮಾತನ್ನು ಆಡಿದವನದೇ ಸ್ವಂತ ದನಿಯಲ್ಲಿ ಹೊಸದಾಗಿ ಆಡಿ ತೋರಿಸುತ್ತದೆ. ಇದಕ್ಕಾಗಿ ಪ್ರತಿ ಡೈವರ್ ಇಳಿಯುವ ಮೊದಲು ಸುರಕ್ಷತಾ ನಿಯಮಗಳ ಒಂದು ಪುಟವನ್ನು ಮೈಕಿನ ಮುಂದೆ ಓದಬೇಕು. ಅದೇ ಅವನ ದನಿಯ ಮಾದರಿ. ಮೇಲಿನಿಂದ ಕೆಳಗೆ ಹೋಗುವ ಮಾತಿಗೂ ಇದೇ ಕ್ರಮವಾದ್ದರಿಂದ ಮನೆಯವರೂ ಮಾದರಿ ಕೊಡಬೇಕಿತ್ತು. ಓದು ಬಾರದ ಕಮಲಕ್ಕ ಎಂಬಾಕೆ ತಾನು ಮಾರುವ ಮೀನಿನ ಹೆಸರುಗಳನ್ನೇ ಹೇಳಿ ಕೊಟ್ಟಿದ್ದಳು: ಬಂಗುಡೆ, ಬೂತಾಯಿ, ಅಂಜಲ್, ಕಾಣೆ.

ಜರಡಿಗೆ ಕಲಿಸಿದವಳು ವಾರಿಜ ಮೆಂಡನ್. ಧ್ವನಿ ವಿಭಾಗದಲ್ಲಿ ಹದಿನೈದು ವರ್ಷದ ಅನುಭವ, ಕಿವಿ ಬಹಳ ಸೂಕ್ಷ್ಮ ಎಂದು ಹೆಸರು. ಐದು ವರ್ಷದ ಹಿಂದೆ ಕೆಳಗಿನಿಂದ ಬಂದ ಎರಡು ಸಾವಿರ ಸದ್ದಿನ ತುಣುಕುಗಳನ್ನು ಒಂದೊಂದಾಗಿ ಕೇಳಿ ಎರಡು ರಾಶಿ ಮಾಡಿದ್ದಳು. ಒಂದು ಮಾತಿನ ರಾಶಿ. ಇನ್ನೊಂದು ಕಸದ ರಾಶಿ: ಕೆಮ್ಮು, ಪಂಪಿನ ಸದ್ದು, ವಾಲ್ವಿನ ಸಿಳ್ಳು. ಕಿಸಿಕಿಸಿ ಎನ್ನುವ ಕೆಲವು ತುಣುಕುಗಳು ಯಾರೋ ನಗುತ್ತಿದ್ದಂತೆ ಕೇಳಿ ಅವಳಿಗೂ ನಗು ಬಂದಿತ್ತು. ಅವನ್ನೂ ಕಸಕ್ಕೆ ಹಾಕಿದ್ದಳು.

ಜರಡಿ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ಅದನ್ನು ದಡಕ್ಕೂ ತಂದರು. ಎರಡು ವರ್ಷದ ಹಿಂದೆ ಶ್ವಾಸಜ್ವರ ಬಂದು ಊರೂರಿಗೆ ಪ್ರತ್ಯೇಕ ವಾರ್ಡುಗಳನ್ನು ತೆರೆದಾಗ, ಆಮ್ಲಜನಕದ ಮುಖವಾಡದೊಳಗಿಂದ ರೋಗಿಗಳು ಆಡುವ ಮಾತು ಮನೆಯವರಿಗೆ ತಿಳಿಯುತ್ತಿರಲಿಲ್ಲ. ವಾರ್ಡಿನ ಫೋನಿಗೆ ಜರಡಿ ಹಾಕಿದರು. ದಾಖಲಾತಿ ಫಾರಮನ್ನು ರೋಗಿ ಗಟ್ಟಿಯಾಗಿ ಓದಿದರೆ ಸಾಕು, ಮಾದರಿ ಸಿಕ್ಕಿತು. ಆಮೇಲೆ ಮನೆಯವರಿಗೆಲ್ಲ ಸ್ಪಷ್ಟವಾದ, ಸಮಾಧಾನದ ದನಿ. ವಾರಿಜಳ ಗಂಡ ರಘುರಾಮನೂ ಅದೇ ಫೋನಿನಲ್ಲಿ ಕೊನೆಯ ಸಲ ಮಾತಾಡಿದ್ದ. ನಲವತ್ತು ನಿಮಿಷದ ಕರೆ, ಆಡಿದ್ದು ಆರೇ ಮಾತು. "ವಾರಿಜ, ಊಟ ಆಯ್ತಾ." "ನಾನು ಆರಾಮ ಇದ್ದೇನೆ." "ನೀನು ಬರುದು ಬೇಡ." "ಪಂಪಿನ ಸ್ವಿಚ್ಚು ಆಫ್ ಮಾಡು." "ಲೋಕುವಿಗೆ ಹೇಳು." "ಇಡ್ತೇನೆ." ನಡುನಡುವೆ ಮಂಪರು ಹತ್ತಿರಬೇಕು ಎಂದುಕೊಂಡಿದ್ದಳು. ಮರುದಿನ ಬೆಳಿಗ್ಗೆ ಅವನು ಹೋದ ಸುದ್ದಿ ಬಂತು. ಹೆಣವನ್ನೂ ತೋರಿಸಲಿಲ್ಲ. ಆದರೂ ವಾರಿಜ ಕೇಳಿದವರಿಗೆಲ್ಲ, "ಸುಖವಾಗಿ ಹೋದರು, ಒಂದು ಚೂರೂ ಸಂಕಟ ಇರ್ಲಿಲ್ಲ" ಎನ್ನುತ್ತಿದ್ದಳು. ತನ್ನ ಯಂತ್ರವೇ ತನಗೆ ಆ ನೆಮ್ಮದಿ ಕೊಟ್ಟಿತೆಂದು ಒಳಗೊಳಗೇ ಹೆಮ್ಮೆ ಇತ್ತು. ಗಂಡ ಸತ್ತು ಎರಡು ವರ್ಷವಾದರೂ ಅವಳು ಬಾಯಿಬಿಟ್ಟು ಅತ್ತಿರಲಿಲ್ಲ.

ಈ ವರ್ಷ ಆಷಾಢಕ್ಕೆ ಜ್ವರ ಮತ್ತೆ ತಲೆಯೆತ್ತಿತು. ಪಕ್ಕದ ಮನೆಯ ಲಿಲ್ಲಿ ಬಾಯಿಯ ಗಂಡ ಗ್ರೆಗರಿಯನ್ನು ವಾರ್ಡಿಗೆ ಒಯ್ದರು. ಅದೇ ವಾರ, ಶ್ವಾಸಜ್ವರವಲ್ಲ, ನಮ್ಮ ಹಳೆಯ ಇಲಿಜ್ವರ, ಶಶಿಕಲಾಳನ್ನು ನಾಲ್ಕೇ ದಿನದಲ್ಲಿ ಮುಗಿಸಿತು. ಶಶಿಕಲಾ ಎಂದರೆ ವಾರಿಜಳ ತಮ್ಮ, ಡೈವರ್ ಲೋಕನಾಥನ ಹೆಂಡತಿ. ಮೀನಿನ ಹೆಸರು ಹೇಳಿದ ಕಮಲಕ್ಕನ ಒಬ್ಬಳೇ ಮಗಳು. ವಯಸ್ಸು ಇಪ್ಪತ್ತೊಂಬತ್ತು. ಲೋಕು ಆಗ ನಾನೂರು ಮೀಟರ್ ಆಳದಲ್ಲಿದ್ದ.

*

ಸುದ್ದಿಯನ್ನು ತಾನೇ ಹೇಳುತ್ತೇನೆಂದು ವಾರಿಜ ಮೈಕಿನ ಮುಂದೆ ಕುಳಿತಳು. ಬೆನ್ನ ಹಿಂದೆ ಕೇಂದ್ರದ ಮುಖ್ಯಸ್ಥರಾದ ಐತಾಳರು ನಿಂತಿದ್ದರು. ಒಳ್ಳೆಯ ಮನುಷ್ಯ, ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವರಲ್ಲ. ಅವರ ಮೇಜಿನ ಮೇಲೆ ಸದಾ ಒಂದು ನಕ್ಷೆ ಇರುತ್ತಿತ್ತು: ಜರಡಿ ಬಂದ ಮೇಲೆ ಡೈವರ್‌ಗಳ ಮನಸ್ಸು ಎಷ್ಟು ಶಾಂತವಾಗಿದೆ ಎಂದು ತೋರಿಸುವ, ವರ್ಷದಿಂದ ವರ್ಷಕ್ಕೆ ಏರುವ ಗೆರೆ.

"ಲೋಕು," ಎಂದಳು ವಾರಿಜ. ಮೇಜಿನ ಅಂಚು ಹಿಡಿದು, ಬಿಕ್ಕಿ ಬಿಕ್ಕಿ, ಹೇಳಬೇಕಾದದ್ದನ್ನು ಹೇಗೋ ಹೇಳಿ ಮುಗಿಸಿದಳು.

ಸ್ಪೀಕರಿನಲ್ಲಿ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಲೋಕುವಿನ ದನಿ ಬಂತು, ನಿಯಮದ ಪುಟ ಓದಿದ ದಿನದ ಅದೇ ದನಿ. "ಆಯ್ತು ಅಕ್ಕ. ನನ್ನನ್ನು ಮೇಲೆ ತರ್ಲಿಕ್ಕೆ ಹೇಳು."

"ನೋಡಿ ವಾರಿಜ, ಎಷ್ಟು ಸಮಾಧಾನದಲ್ಲಿದ್ದಾರೆ," ಎಂದರು ಐತಾಳರು ಮೆಲ್ಲಗೆ. "ಮೊದಲಾಗಿದ್ರೆ ಇಂಥ ಸುದ್ದಿ ಕೇಳಿ ಕೆಳಗೆ ರಂಪ ಆಗ್ತಿತ್ತು."

ವಾರಿಜಳಿಗೆ ಸಮಾಧಾನವಾಗಲಿಲ್ಲ, ಚುಚ್ಚಿದಂತಾಯಿತು. ಶಶಿಗಾಗಿ ಮೂರು ವರ್ಷ ಮನೆಯವರನ್ನೆಲ್ಲ ಎದುರು ಹಾಕಿಕೊಂಡವನು, ಅವಳು ಸತ್ತಳೆಂದರೆ 'ಆಯ್ತು' ಎನ್ನುತ್ತಾನಲ್ಲ ಎನಿಸಿತು.

ಡೈವರನ್ನು ಮೇಲೆ ತರುವುದೆಂದರೆ ಬಾವಿಯಿಂದ ಕೊಡಪಾನ ಎಳೆದ ಹಾಗಲ್ಲ. ನಾನೂರು ಮೀಟರಿನ ಒತ್ತಡಕ್ಕೆ ಒಗ್ಗಿದ ಮೈ ಥಟ್ಟನೆ ಹೊರಗೆ ಬಂದರೆ ಸೋಡಾ ಬಾಟಲಿ ತೆಗೆದಂತೆ ರಕ್ತವೆಲ್ಲ ನೊರೆಯಾಗುತ್ತದೆ. ಅದೇ ಒತ್ತಡದ ಡಬ್ಬಿಯಲ್ಲಿ ಅವನನ್ನು ದಡಕ್ಕೆ ತಂದು, ನಿಯಂತ್ರಣ ಕೊಠಡಿಯ ಪಕ್ಕದ ಶೆಡ್ಡಿನಲ್ಲಿರುವ ದೊಡ್ಡ ಉಕ್ಕಿನ ತೊಟ್ಟಿಯೊಳಗೆ ಸೇರಿಸಬೇಕು. ಅದನ್ನು ಹಂಡೆ ಎನ್ನುತ್ತಾರೆ. ಅದರೊಳಗೆ ದಿನಕ್ಕಿಷ್ಟು ಎಂದು ಒತ್ತಡ ಇಳಿಸುತ್ತ ಹೋದರೆ ಹದಿನಾಲ್ಕನೆಯ ದಿನಕ್ಕೆ ಬಾಗಿಲು ತೆಗೆಯಬಹುದು. ಅಲ್ಲಿಯವರೆಗೆ ಒಳಗೆ ಹೀಲಿಯಂ, ಒಂದು ಮಂಚ, ಒಂದು ಕಕ್ಕಸು, ಅಂಗೈಯಗಲದ ಒಂದು ಗಾಜಿನ ಕಿಂಡಿ. ಲೋಕು ಹಂಡೆಗೆ ಬಂದ ದಿನವೇ ಶಶಿಯ ದಹನವಾಯಿತು. ಬೊಜ್ಜ, ಎಂದರೆ ಉತ್ತರಕ್ರಿಯೆ, ಹನ್ನೊಂದನೆಯ ದಿನಕ್ಕೆ. ಮೂರು ದಿನದಲ್ಲಿ ಅದೂ ಅವನ ಕೈತಪ್ಪಿತು.

ಅಕ್ಕನ ಕುರ್ಚಿಗೂ ತಮ್ಮನ ಮಂಚಕ್ಕೂ ನಡುವೆ ಇದ್ದದ್ದು ಹದಿನೈದು ಹೆಜ್ಜೆ, ನಾಲ್ಕು ಬೆರಳು ದಪ್ಪದ ಉಕ್ಕು, ಮತ್ತು ಜರಡಿ.

*

ವಾರಿಜ ದಿನಾ ಬೆಳಿಗ್ಗೆ ಅವನ ಜೊತೆ ಮಾತಾಡುತ್ತಿದ್ದಳು. ಊಟ ಆಯ್ತಾ, ನಿದ್ದೆ ಬಂತಾ, ಅಷ್ಟೆ. ಎರಡು ಮಾತಿನ ನಡುವೆ ಅವನು ಸುಮ್ಮನಾಗಿಬಿಡುತ್ತಿದ್ದ. ಕ್ಯಾಮೆರಾದಲ್ಲಿ ನೋಡಿದರೆ ಗೋಡೆಯ ಕಡೆ ತಿರುಗಿ, ಕಂಬಳಿ ಮುಸುಕು ಹಾಕಿ ಮಲಗಿರುತ್ತಿದ್ದ, ಕಂಬಳಿ ನಡುಗುತ್ತಿರುತ್ತಿತ್ತು. ಹೀಲಿಯಂ ಮೈಯ ಶಾಖವನ್ನು ಹೀರಿಬಿಡುತ್ತದೆ. ಹಂಡೆಯೊಳಗೆ ಚಳಿಯಿಂದ ನಡುಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ವಾರಿಜ ಒಳಗಿನ ಶಾಖವನ್ನು ಒಂದು ಡಿಗ್ರಿ ಹೆಚ್ಚಿಸಿದಳು. ಮರುದಿನವೂ ನಡುಗುತ್ತಿದ್ದ. ಇನ್ನೊಂದು ಡಿಗ್ರಿ ಹೆಚ್ಚಿಸಿದಳು.

ಐದನೆಯ ದಿನ ಅವನೇ ಕೇಳಿದ. "ಅಕ್ಕ, ನೀನು ಅತ್ತಿಯಾ?"

"ಈಗಲೂ ಅಳ್ತಾ ಇದ್ದೇನಲ್ಲ ಮಾರಾಯ," ಎಂದಳು ವಾರಿಜ, ಸೆರಗಿನಿಂದ ಮೂಗು ಒರೆಸುತ್ತ. ಇದೆಂಥ ಪ್ರಶ್ನೆ, ಕೇಳಿಸುವುದಿಲ್ಲವೇ ಇವನಿಗೆ ಎನಿಸಿತು.

ಸ್ವಲ್ಪ ಹೊತ್ತು ಬಿಟ್ಟು ಅವನೆಂದ, "ಹೌದಾ."

ಆಮೇಲೆ ಅವನು ಆ ವಿಷಯ ಎತ್ತಲಿಲ್ಲ.

ಸಂಜೆ ವಾರಿಜ ತಮ್ಮನ ಮನೆಗೆ ಹೋದರೆ ಕಮಲಕ್ಕ ಮಗಳ ಸೀರೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದಳು. ದಿನಾ ಅದೇ ಒಂದು ಪ್ರಶ್ನೆ.

"ಇವತ್ತಾದ್ರೂ ಅತ್ತನಾ?"

"ಅವನು ಒಳಗೇ ನುಂಗುವ ಜಾತಿ ಕಮಲಕ್ಕ."

"ನುಂಗ್ಲಿಕ್ಕೆ ಅದೇನು ಗಂಜಿಯಾ? ನನ್ನ ಗಂಡ ಕಡಲಲ್ಲಿ ಹೋದಾಗ ನಾನು ಒಂದು ತಿಂಗಳು ಊರು ಹಾರಿಹೋಗುವ ಹಾಗೆ ಅತ್ತೆ. ಅತ್ತದ್ದಕ್ಕೇ ಬದುಕಿದೆ. ಅಳದಿದ್ದವರು ಒಂದಾ ಕಲ್ಲು, ಒಂದಾ ಆ ಹೆಣದ ಹಿಂದೆಯೇ ಹೋಗುವವರು. ನಿನ್ನ ತಮ್ಮ ಯಾವುದು, ನೀನೇ ನೋಡಿಕೋ."

ವಾರಿಜಳಿಗೆ ಇದು ಮುದುಕಿಯ ಕೋಪದ ಮಾತೆಂದು ತೋರಿತು. ಮನಸ್ಸಿನಲ್ಲಿ ಅವಳೂ ತಮ್ಮನನ್ನು ಕಲ್ಲಿನ ಕಡೆಗೆ ಸೇರಿಸಿ ಆಗಿತ್ತು.

ಇತ್ತ ಐತಾಳರು ಬಹಳ ಸಂತೋಷದಲ್ಲಿದ್ದರು. ಎಲ್ಲ ಜಿಲ್ಲೆಗಳ ಪ್ರತ್ಯೇಕ ವಾರ್ಡುಗಳಿಗೂ ಜರಡಿ ಹಾಕಬೇಕೆಂದು ಮೇಲಿನಿಂದ ಕೇಳಿಕೆ ಬಂದಿತ್ತು. ಜೈಲುಗಳಿಗೂ, ಗಡಿ ಠಾಣೆಗಳಿಗೂ ಎಂಬ ಮಾತಿತ್ತು. "ನಿಮ್ಮ ತಮ್ಮ ಮಾದರಿ ವಾರಿಜ. ಹೆಂಡತಿ ತೀರಿಕೊಂಡು ಒಬ್ಬನೇ ಡಬ್ಬಿಯೊಳಗೆ ಇದ್ದಾರೆ, ಒಂದು ದಿನ ದನಿ ನಡುಗಲಿಲ್ಲ. ಹೆಸರು ಹಾಕುದಿಲ್ಲ, ವರದಿಯಲ್ಲಿ ಇದನ್ನು ಸೇರಿಸ್ಲಾ?" ಎಂದು ಕೇಳಿದರು. ವಾರಿಜ ತಲೆಯಾಡಿಸಿದಳು.

*

ಬೊಜ್ಜದ ಹಿಂದಿನ ಸಂಜೆ ಸತ್ತವರನ್ನು ಮನೆಯೊಳಗೆ ಕರೆಯಬೇಕು. ಹೊರಗೆ ಅಲೆಯುತ್ತಿರುವ ಜೀವ ಹಿರಿಯರ ಜೊತೆ ಸೇರಿಕೊಳ್ಳುವುದು ಆ ಕರೆಯ ಮೇಲೆ. ಬಾಗಿಲು ತೆರೆದಿಟ್ಟು, ಒಳಗೆ ದೀಪ ಹಚ್ಚಿ, ಎಲೆ ಹಾಕಿ, ಹೊಸ್ತಿಲಲ್ಲಿ ಕರ್ಪೂರ ಉರಿಸಿ ಹೆಸರು ಹಿಡಿದು ಮೂರು ಸಲ ಕರೆಯುತ್ತಾರೆ. ಒಂದೇ ಕರ್ಪೂರ ಉರಿದು ಮುಗಿಯುವುದರೊಳಗೆ ಮೂರೂ ಕರೆ ಆಗಬೇಕೆಂಬುದು ಅವರ ಮನೆಯ ಕ್ರಮ. ಹೆಂಡತಿಯನ್ನು ಗಂಡನೇ ಕರೆಯಬೇಕು. ಗಂಡ ಹಂಡೆಯಲ್ಲಿದ್ದಾನೆ. ಹಾಗಾಗಿ ಹೊಸ್ತಿಲ ಮೇಲೆ ಬಾಳೆಲೆ ಹಾಸಿ ವಾರಿಜಳ ಮೊಬೈಲನ್ನಿಟ್ಟು, ಕೇಂದ್ರದಿಂದ ಹಂಡೆಗೆ ಸಂಪರ್ಕ ಕೊಡಿಸಿದರು.

ವಾರಿಜ ಕರ್ಪೂರ ಹಚ್ಚಿ, "ಕರಿ ಲೋಕು," ಎಂದಳು.

"ಶಶಿ, ಒಳಗೆ ಬಾ."

ಸ್ಪಷ್ಟವಾದ, ಸರಾಗವಾದ ದನಿ. ಆಮೇಲೆ ಮೌನ. ನೆರೆದವರು ಕಾದರು. ಕರ್ಪೂರ ಕುಗ್ಗಿ ಕುಗ್ಗಿ ಆರಿಹೋಯಿತು. ಯಾರೋ ಗಡಿಬಿಡಿಯಿಂದ ಇನ್ನೊಂದು ಹಚ್ಚಿದರು.

"ಶಶಿ, ಒಳಗೆ ಬಾ."

ಎರಡನೆಯ ಕರ್ಪೂರವೂ ಆರಿತು. ಮೂರನೆಯದು ಅರ್ಧ ಉರಿದಾಗ ಕೊನೆಯ ಕರೆ ಬಂತು. ಮೂರೂ ಒಂದೇ ಥರ. ಒಂದನ್ನೇ ಮೂರು ಸಲ ಹಾಕಿದಂತೆ.

ಕಮಲಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ. "ಇದು ಕರೆಯುದಾ? ಅಂಗಡಿಯಲ್ಲಿ ಬೀಡಿ ಕೇಳಿದ ಹಾಗೆ! ಈ ದನಿಗೆ ನನ್ನ ಮಗಳು ಒಳಗೆ ಬರ್ಲಿಕ್ಕಿಲ್ಲ!" ಎಂದು ಎದೆ ಬಡಿದುಕೊಂಡು ಹೊಸ್ತಿಲಿಗೆ ಬಂದಳು. ಹಿಡಿಯಲು ಹೋದವರನ್ನು ತಳ್ಳಿ, ಮೊಬೈಲಿನ ಮೇಲೆ ಬಗ್ಗಿ, ಅಳುವಿನ ನಡುವೆ ಮಾತು ತುಂಡು ತುಂಡಾಗಿ ಕೂಗಿದಳು. "ಲೋಕು, ನಿನಗೆ ಅವಳು ಬೇಡವಾಗಿದ್ಲು. ಬೇಡದವಳನ್ನು ಯಾಕೆ ಕರೀತಿ? ನೀನು ಈ ಮನೆಗೆ ಬರುದು ಬೇಡ."

ಮಗಳನ್ನು ಕಳಕೊಂಡ ತಾಯಿಯ ಬಾಯಲ್ಲಿ ಬಂದ ಮಾತು. ಕೇಳಿದವರಲ್ಲಿ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವಳ ಅಳುವಿನಲ್ಲಿ ಆ ಮಾತು ಅರ್ಧ ಮುಳುಗಿಹೋಗಿತ್ತು. ಆದರೆ ಹಂಡೆಯೊಳಗೆ ಹೋದದ್ದು ಅಳುವಲ್ಲ, ಮಾತು ಮಾತ್ರ. ಬಂಗುಡೆ, ಬೂತಾಯಿ ಎಂದು ಎಣಿಸಿ ಹೇಳಿದ ಅದೇ ನಿಧಾನದ ದನಿಯಲ್ಲಿ.

"ಆಯ್ತು ಅತ್ತೆ," ಎಂದಿತು ಮೊಬೈಲು.

*

ಮರುದಿನ ಮಧ್ಯಾಹ್ನ ಬೊಜ್ಜದ ಊಟ ಬಡಿಸುವ ಮೊದಲು ವಾರಿಜ ಒಂದು ಪಾಲನ್ನು ಟಿಫಿನ್ ಡಬ್ಬಿಗೆ ಹಾಕಿಕೊಂಡು ಕೇಂದ್ರಕ್ಕೆ ಹೋದಳು. ಹಂಡೆಗೆ ಊಟ ಕಳಿಸುವ ಒಂದು ಸಣ್ಣ ಎರಡು ಬಾಗಿಲಿನ ಗೂಡಿದೆ. ಪಾಳಿಯಲ್ಲಿದ್ದ ಸಹೋದ್ಯೋಗಿಯನ್ನು, "ನೀವು ಊಟ ಮಾಡಿ ಬನ್ನಿ, ಅಷ್ಟರವರೆಗೆ ನಾನಿರ್ತೇನೆ" ಎಂದು ಕಳಿಸಿದಳು. ಐತಾಳರು ಊಟಕ್ಕೆ ಹೋಗಿದ್ದರು. ಕೊಠಡಿಯಲ್ಲಿ ಅವಳೊಬ್ಬಳೇ.

ಕುಳಿತವಳಿಗೆ ಆ ಕರ್ಪೂರ ಮನಸ್ಸಿನಿಂದ ಹೋಗಲೊಲ್ಲದು. ಎರಡು ಕರ್ಪೂರ ಪೂರ್ತಿ ಉರಿಯುವಷ್ಟು ಹೊತ್ತು ಅವನು ಏನು ಮಾಡುತ್ತಿದ್ದ? ಮಾತು ಹೊರಡದಷ್ಟು ಬೇಸರವೇ? ಹಿಂದಿನ ಸಂಜೆಯ ದಾಖಲೆ ತೆಗೆದಳು. ಮೊದಲ ಕರೆಗೂ ಎರಡನೆಯದಕ್ಕೂ ನಡುವೆ ಎರಡು ನಿಮಿಷ ಹತ್ತು ಸೆಕೆಂಡು. ಆ ಜಾಗದಲ್ಲಿ ಜರಡಿ ಬರೆದುಕೊಂಡದ್ದು ಇಷ್ಟು: ವಾಲ್ವ್ ಸದ್ದು, ತೆಗೆಯಲಾಗಿದೆ.

ಹಂಡೆಯಲ್ಲಿ ಆ ಹೊತ್ತಿಗೆ ಯಾವ ವಾಲ್ವೂ ತೆರೆದಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು.

ಜರಡಿ ಸೋಸಿ ಎಸೆದದ್ದೆಲ್ಲ ಒಂದು ತಿಂಗಳು ಬೇರೆ ಕಡೆ ಉಳಿದಿರುತ್ತದೆ. ವಾಲ್ವುಗಳ ಸವಕಳಿ ಪರೀಕ್ಷಿಸಲು ಇಟ್ಟ ವ್ಯವಸ್ಥೆ ಅದು. ಮನುಷ್ಯರು ಯಾರೂ ಅದನ್ನು ಕೇಳುವುದಿಲ್ಲ. ವಾರಿಜ ಅದನ್ನು ತೆಗೆದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಕಿಸಿಕಿಸಿಕಿಸಿ. ಐದು ವರ್ಷದ ಹಿಂದೆ ತಾನೇ ನಕ್ಕು ಕಸಕ್ಕೆ ಹಾಕಿದ ಸದ್ದು. ಗುರುತು ಸಿಕ್ಕಿತು. ಸ್ವಲ್ಪ ನಿಲ್ಲುತ್ತದೆ, ಸುಂಯ್ ಎಂದು ಒಳಗೆಳೆಯುತ್ತದೆ, ಮತ್ತೆ ಕಿಸಿಕಿಸಿ. ಯಾವ ವಾಲ್ವೂ ಉಸಿರು ಎಳೆದುಕೊಳ್ಳುವುದಿಲ್ಲ.

ವೇಗ ತಗ್ಗಿಸಿ, ದನಿಯನ್ನು ಮನುಷ್ಯರ ಮಟ್ಟಕ್ಕೆ ಇಳಿಸಿ ಮತ್ತೆ ಹಾಕಿದಳು. ಲೋಕು ಅಳುತ್ತಿದ್ದ. ಚಿಕ್ಕಂದಿನಲ್ಲಿ ದೋಣಿಯ ಹಗ್ಗಕ್ಕೆ ಬೆರಳು ಸಿಕ್ಕಿಕೊಂಡಾಗ ಅತ್ತಂತೆ, ಉಸಿರು ಕಟ್ಟಿ, ಬಾಯಿಬಿಟ್ಟು, ಗೋಡೆಗೆ ತಲೆ ಬಡಿದುಕೊಂಡು. ಹಿಂದಿನ ದಿನದ್ದನ್ನು ತೆಗೆದಳು. ಅದರ ಹಿಂದಿನ ದಿನದ್ದು. ಸುದ್ದಿ ಹೇಳಿದ ಆ ಮೊದಲ ದಿನದ್ದು. ಎಲ್ಲ ಮೌನಗಳಲ್ಲೂ ಅವನಿದ್ದ. ಇತ್ತಿಂದ ಅವನ ಕಡೆಗೆ ಹೋದ ಸದ್ದಿನ ಕಡತವೂ ಅಲ್ಲೇ ಇತ್ತು, ಅದರಲ್ಲಿ ಅವಳದೇ ಬಿಕ್ಕು, ಕಮಲಕ್ಕನ ಗೋಳು, ಎಲ್ಲ ಕಸ ಎಂಬ ಚೀಟಿ ಅಂಟಿಸಿಕೊಂಡು ಬಿದ್ದಿದ್ದವು. ಹನ್ನೊಂದು ದಿನ ಅಕ್ಕ ತಮ್ಮ ಇಬ್ಬರೂ ಎದುರುಬದುರು ಅತ್ತಿದ್ದರು, ಇಬ್ಬರಿಗೂ ಇನ್ನೊಬ್ಬರು ಕಲ್ಲಾಗಿ ಕಂಡಿದ್ದರು. ಕಂಬಳಿ ನಡುಗಿದಾಗ ತಾನು ಮಾಡಿದ್ದೇನು? ಒಂದು ಡಿಗ್ರಿ ಶಾಖ ಹೆಚ್ಚಿಸಿದ್ದು.

ಸ್ಪೀಕರ್ ಮಾತಾಡಿತು.

"ಫ್ಲಶ್ ಮಾಡ್ಲಿಕ್ಕುಂಟು. ಒಳಗಿನ ವಾಲ್ವ್ ಮುಚ್ಚಿದ್ದೇನೆ. ಹೊರಗಿಂದು ತೆಗೀರಿ."

ದಿನಕ್ಕೆ ನಾಲ್ಕು ಸಲ ಕೇಳುವ ಮಾತು. ಹಂಡೆಯ ಕಕ್ಕಸಿನ ಕೊಳವೆಗೆ ಎರಡು ವಾಲ್ವುಗಳು, ಒಳಗೊಂದು, ಹೊರಗೊಂದು. ಒಳಗಿನವನು ತನ್ನದನ್ನು ಮುಚ್ಚಿ ಹೇಳುತ್ತಾನೆ, ಹೊರಗಿನವರು ತಮ್ಮದನ್ನು ತೆರೆಯುತ್ತಾರೆ. ಎರಡೂ ಒಟ್ಟಿಗೆ ತೆರೆದರೆ ಹಂಡೆಯ ಒತ್ತಡವೆಲ್ಲ ಕಣ್ಣು ಮಿಟುಕಿಸುವುದರೊಳಗೆ ಹೊರಗೆ ಹೋಗುತ್ತದೆ, ಒಳಗಿದ್ದವನು ಬದುಕುವ ಮಾತೇ ಇಲ್ಲ. ಒಳಗಿನದು ಮುಚ್ಚಿದೆಯೆಂದು ತೋರಿಸುವ ಹಸಿರು ದೀಪ ಉಪ್ಪುಗಾಳಿಗೆ ಕೆಟ್ಟು ವರ್ಷವಾಗಿತ್ತು. ದುರಸ್ತಿಯ ಪಟ್ಟಿಯಲ್ಲಿತ್ತು. ಅವಸರವೇನು, ಡೈವರ್ ಬಾಯಲ್ಲಿ ಹೇಳುತ್ತಾನಲ್ಲ.

ವಾರಿಜಳ ಕೈ ಅಭ್ಯಾಸಬಲದಿಂದ ಸನ್ನೆಕೋಲಿನ ಮೇಲೆ ಹೋಗಿ ಕುಳಿತಿತ್ತು. ಹೆಣದ ಹಿಂದೆಯೇ ಹೋಗುವವರು ಎಂಬ ಕಮಲಕ್ಕನ ಮಾತು ನೆನಪಾಗಿ, ಕಾದ ಹೆಂಚು ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು. ಎದ್ದು ಹೋಗಿ ಜರಡಿಯ ಮುಖ್ಯ ಸ್ವಿಚ್ಚನ್ನು ಆರಿಸಿದಳು.

"ಲೋಕು, ಇನ್ನೊಂದು ಸಲ ಹೇಳು."

ಸೋಸದ ದನಿ ಕೊಠಡಿ ತುಂಬ ಕೀರಿತು. ಜರಡಿ ಬರುವ ಮೊದಲು ಹತ್ತು ವರ್ಷ ಆ ಬಾತುಕೋಳಿ ಮಾತು ಕೇಳಿದ ಕಿವಿ ಅವಳದು, ಅರ್ಧಕ್ಕರ್ಧ ತಿಳಿಯುತ್ತಿತ್ತು. "ಹೊರಗಿಂದು ತೆಗೀರಿ" ಎಂಬ ಮಾತಿನ ಹಿಂದೆಯೇ ಕಿಸಿಕಿಸಿ ಬಂತು.

ವಾರಿಜ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಾತಾಡುವ ಬದಲು ಅತ್ತಳು. ತಡೆಯದೆ, ಮುಚ್ಚಿಡದೆ, ಕಮಲಕ್ಕ ಹೇಳಿದಂತೆ ಊರು ಹಾರಿಹೋಗುವ ಹಾಗೆ ಅತ್ತಳು. ಉಕ್ಕಿನ ಹಂಡೆಯೊಳಗೆ ಆ ಅಳು, ಯಾರೂ ತಿದ್ದದೆ, ಇದ್ದಂತೆಯೇ ಹೋಯಿತು.

ಒಳಗಿನ ಕೀರಲು ನಿಂತಿತು.

"ಅಕ್ಕ? ಅದು ನೀನಾ? ಅಳುದಾ?"

"ಹನ್ನೊಂದು ದಿನದಿಂದ ಅಳ್ತಾ ಇದ್ದೇನೆ ಲೋಕು. ನಿನಗೆ ಕೇಳ್ಲಿಲ್ಲ. ನಿಂದು ನನಗೆ ಕೇಳ್ಲಿಲ್ಲ. ಈ ದರಿದ್ರ ಜರಡಿ ತಿಂದುಹಾಕಿತು. ನಾನೇ ಅದಕ್ಕೆ ಕಲಿಸಿದ್ದು. ಕಮಲಕ್ಕನೂ ಅಳ್ತಾನೇ ಬೈದದ್ದು ಮಾರಾಯ, ನಿನಗೆ ಬರೀ ಬೈಗುಳ ಬಂತು."

ಬಹಳ ಹೊತ್ತು ಇಬ್ಬರೂ ಅತ್ತರು. ಹೊರಗೆ ಯಾರಾದರೂ ನಿಂತು ಕೇಳಿದ್ದರೆ ಒಬ್ಬಳು ಅಳುತ್ತಿದ್ದಾಳೆ, ಒಂದು ಬೊಂಬೆ ನಗುತ್ತಿದೆ ಎಂದುಕೊಳ್ಳುತ್ತಿದ್ದರು.

ಕೊನೆಗೆ ಆ ಬೊಂಬೆಯ ದನಿ ಹೇಳಿತು, "ಅಕ್ಕ, ಒಳಗಿಂದು ಮುಚ್ಚಿರ್ಲಿಲ್ಲ."

"ಗೊತ್ತಾಯ್ತು. ಈಗ 'ಮುಚ್ಚಿದೆ' ಅಂತ ಬಾಯಲ್ಲಿ ಹೇಳ್ಬೇಡ. ಮುಚ್ಚಿ, ಅದರ ಹಿಡಿ ಕಳಚಿಕೊಂಡು ಕಿಂಡಿಗೆ ಬಾ. ನಾನು ಕಣ್ಣಲ್ಲಿ ನೋಡ್ಬೇಕು."

ಹದಿನೈದು ಹೆಜ್ಜೆ ಓಡಿ ಕಿಂಡಿಗೆ ಮುಖ ಒತ್ತಿದಳು. ಸ್ವಲ್ಪ ಹೊತ್ತಿಗೆ ಗಾಜಿನ ಆಚೆ ಕಬ್ಬಿಣದ ಹಿಡಿಯೊಂದು ಕಂಡಿತು, ಅದರ ಹಿಂದೆ ಲೋಕುವಿನ ಮುಖ. ಕಣ್ಣು ಎರಡೂ ಊದಿ ಸೀಳಿನಂತಾಗಿದ್ದವು, ಹಣೆಯ ಮೇಲೆ ಗೋಡೆಗೆ ಬಡಿದುಕೊಂಡ ಕಪ್ಪು ಗಾಯ. ವಾರಿಜ ಗಾಜಿನ ಮೇಲೆ ಕೈಯಿಟ್ಟಳು. ಅವನೂ ಇಟ್ಟ.

*

ಐತಾಳರು ಊಟ ಮುಗಿಸಿ ಬಂದಾಗ ಜರಡಿ ಆರಿ ಅರ್ಧ ಗಂಟೆಯಾಗಿತ್ತು. ವಾರಿಜ ಎಲ್ಲವನ್ನೂ ಹೇಳಿದಳು, ಕೇಳಿಸಿದಳು. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿದರು. ಅವರ ಕಣ್ಣಲ್ಲೂ ನೀರು ಬಂತು, ಸುಳ್ಳಲ್ಲ.

"ಭಯಂಕರ," ಎಂದರು. "ನಾಳೆಯೇ ಆ ಹಸಿರು ದೀಪ ರಿಪೇರಿ ಮಾಡಿಸ್ತೇನೆ."

"ದೀಪ ಅಲ್ಲ ಸರ್. ಜರಡಿ."

"ವಾರಿಜ, ಯೋಚನೆ ಮಾಡಿ. ಸಾವಿರಾರು ವಾರ್ಡು. ಒಳಗಿರುವವರ ನರಳಾಟ ಇದ್ದ ಹಾಗೆ ಮನೆಯವರಿಗೆ ಕೇಳಿಸಿದ್ರೆ ಊರಲ್ಲಿ ಏನಾಗ್ತದೆ? ವಾರ್ಡಿನ ಬಾಗಿಲು ಮುರಿದು ಒಳಗೆ ನುಗ್ತಾರೆ. ಈಗ ಎಲ್ಲರೂ ಸಮಾಧಾನದಲ್ಲಿದ್ದಾರೆ." ಅವರು ಅವಳ ಹೆಗಲ ಮೇಲೆ ಕೈಯಿಡಲು ಹೋಗಿ ಇಡಲಿಲ್ಲ. "ನೀವು ಸ್ವಲ್ಪ ದಿನ ರಜೆ ತಕ್ಕೊಳ್ಳಿ. ಮನೆಯಲ್ಲಿ ಸಾವಾಗಿದೆ."

ಮಾತಾಡುತ್ತಲೇ ಅವರು ಜರಡಿಯ ಸ್ವಿಚ್ಚನ್ನು ಒತ್ತಿದರು. ಕೊಠಡಿ ನಿಶ್ಶಬ್ದವಾಯಿತು.

ಕೊನೆಯ ಮೂರು ದಿನ ವಾರಿಜ ಶೆಡ್ಡಿನಲ್ಲಿ ಕಿಂಡಿಯ ಹತ್ತಿರ ಸ್ಟೂಲು ಹಾಕಿಕೊಂಡು ಕುಳಿತಳು, ಕಮಲಕ್ಕನನ್ನೂ ಕರೆತಂದಳು. ಮಾತಿಲ್ಲ, ಬರೀ ಮುಖ. ಮುದುಕಿ ಅಳಿಯನ ಮುಖವನ್ನು ಒಮ್ಮೆ ನೋಡಿದಳು, ಆಮೇಲೆ ಕೇಳುವುದೇನೂ ಉಳಿಯಲಿಲ್ಲ. ಹದಿನಾಲ್ಕನೆಯ ದಿನ ಲೋಕು ಹೊರಗೆ ಬಂದವನು ನೇರ ಮನೆಗೆ ಹೋಗಿ ಅಂಗಳದಲ್ಲಿ ನಿಂತ. ಕಮಲಕ್ಕ ತಾನೇ ಕರ್ಪೂರ ಹಚ್ಚಿದಳು. ಅವನ ಸ್ವಂತ ದನಿ ಮೊದಲ ಕರೆಯಲ್ಲೇ ಒಡೆದು ಚೂರಾಯಿತು, ಹೆಸರೂ ಸರಿಯಾಗಿ ಹೊರಡಲಿಲ್ಲ. ಮೂರನೆಯದಂತೂ ಬರೀ ಕೂಗು. "ಈಗ ಬಂದ್ಲು," ಎಂದಳು ಕಮಲಕ್ಕ, ಬಾಗಿಲಿನ ಪಕ್ಕಕ್ಕೆ ಸರಿದು ದಾರಿ ಬಿಟ್ಟು.

ರಜೆಯ ಮೊದಲ ದಿನವೇ ವಾರಿಜ ದಾಖಲೆ ವಿಭಾಗಕ್ಕೆ ಫೋನ್ ಮಾಡಿ ಕೇಳಿದ್ದಳು. ಎರಡು ವರ್ಷದ ಹಿಂದಿನ ವಾರ್ಡಿನ ಕರೆ, ರಘುರಾಮ ಎಂಬ ರೋಗಿ, ಜರಡಿಯಲ್ಲಿ ಉಳಿದದ್ದೇನಾದರೂ ಇದೆಯೇ? ಆ ಕಡೆಯವರು ಮರ್ಯಾದೆಯಿಂದಲೇ ಹೇಳಿದರು: ಒಂದು ತಿಂಗಳಾದ ಮೇಲೆ ಕಸ ಅಳಿಸಿಹೋಗುತ್ತದೆ ಮೇಡಂ.

ನಲವತ್ತು ನಿಮಿಷ. ಆರು ಮಾತು. ಆರು ಮಾತಿಗೆ ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ. ಮಿಕ್ಕ ಮೂವತ್ತೊಂಬತ್ತೂವರೆ ನಿಮಿಷ ಅವನು ನಿದ್ದೆ ಮಾಡಿರಲಿಲ್ಲ. ಅವಳು ಈ ಕಡೆ ಫೋನ್ ಹಿಡಿದು, ಪಾಪ ಮಲಗಲಿ ಎಂದು ಉಸಿರು ಬಿಗಿಹಿಡಿದು ಕೂತಿದ್ದಳು.

ಲೋಕುವಿನ ಮನೆಯಿಂದ ಅವಳು ತನ್ನ ಮನೆಗೆ ಹಿಂದಿರುಗಿದಾಗ ಹೊತ್ತು ಇಳಿದಿತ್ತು. ಬೇಲಿಯಾಚೆಯಿಂದ ಲಿಲ್ಲಿ ಬಾಯಿ ಕೈಯಲ್ಲಿ ಮೊಬೈಲು ಹಿಡಿದುಕೊಂಡು ಬಂದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಇತ್ತು.

"ವಾರಿಜಕ್ಕ, ಇವತ್ತು ಇವರು ವಾರ್ಡಿನಿಂದ ಫೋನ್ ಮಾಡಿದ್ರು. ಎಷ್ಟು ಚಂದ ಮಾತಾಡಿದ್ರು ಗೊತ್ತುಂಟಾ! ದನಿ ಒಂಚೂರೂ ನಡುಗುದಿಲ್ಲ. ಆರಾಮ ಇದ್ದೇನೆ, ನೀನು ಬರುದು ಬೇಡ ಅಂದ್ರು. ನನಗೆ ಈಗ ಜೀವ ಬಂತು. ನೀವು ಮಾಡಿದ ಮೆಷಿನ್ ಅಲ್ವಾ ಅದು? ದೇವರು ನಿಮ್ಮನ್ನು ಚೆನ್ನಾಗಿಡ್ಲಿ."

ವಾರಿಜ ಬೇಲಿಯ ಗೂಟವನ್ನು ಹಿಡಿದುಕೊಂಡಳು.

"ಲಿಲ್ಲಿ ಬಾಯಿ," ಎಂದಳು, "ಮಾತಿನ ನಡುವೆ ಅವರು ಎಷ್ಟು ಹೊತ್ತು ಸುಮ್ಮನಿದ್ರು?"